ಹಳದಿ ಸಾಲಿನ ಬಾಯಿ ಮುಚ್ಚಿಸಿದ ಕತೆ

ಯಂತ್ರ ತಪ್ಪು ಮಾಡುವುದಿಲ್ಲ ಎನ್ನುವವರನ್ನು ಕಂಡರೆ ಹಳದಿಯಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ಸರಿ, ಯಂತ್ರ ತಪ್ಪು ಮಾಡುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಇಲ್ಲಿ ಏನೋ ಎಡವಟ್ಟಿದೆ ಎಂದು ಅದು ಕೂಗಿದಾಗ ಅದರ ಬಾಯಿಗೆ ಬಟ್ಟೆ ತುರುಕಿದವರು ಯಾರು? ಈ ಪ್ರಶ್ನೆ ಕೇಳಿದ ಕೂಡಲೇ ದೊಡ್ಡ ದೊಡ್ಡವರಿಗೆಲ್ಲ ಕೆಮ್ಮು ಬರುತ್ತದೆ.

ಹಳದಿಯಕ್ಕ ಎಂಬುದು ಹೆತ್ತವರು ಕರೆದ ಹೆಸರಲ್ಲ, ಕೆಲಸದ ಕಡೆಯವರು ಅಂಟಿಸಿದ್ದು. ಅವಳು ಹುಟ್ಟಿದ್ದು ಹೊಲಿಗೆಯವಳ ಮಗಳಾಗಿ. ಅಮ್ಮ ಆಸ್ಪತ್ರೆಗೂ ಶಾಲೆಗೂ ಸಮವಸ್ತ್ರ ಹೊಲಿದು ಕೊಡುತ್ತಿದ್ದಳು. ಹೊಲಿದು ಮುಗಿದ ಪ್ರತಿ ಅಂಗಿಯನ್ನೂ ಒಳಮಗ್ಗುಲು ಹೊರಕ್ಕೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಲ್ಲಿ ಹೊಲಿಗೆ ಸವರಿ ನೋಡಿದ ಮೇಲೆಯೇ ಮಡಚಿ ಇಡುತ್ತಿದ್ದಳು.

"ಮೇಲ್ಗಡೆಯಿಂದ ಎಲ್ಲರ ಹೊಲಿಗೆನೂ ಚೆನ್ನಾಗೇ ಕಾಣುತ್ತೆ ಮಗಳೇ. ತಿರುವಿ ನೋಡು. ಯಾರು ಕೆಲಸಗಾರರು, ಯಾರು ಕಳ್ಳರು ಅಂತ ಆಗ ಗೊತ್ತಾಗುತ್ತೆ" ಎನ್ನುತ್ತಿದ್ದಳು.

ಅಮ್ಮ ಹೋದಳು, ಮಾತು ಉಳಿಯಿತು. ಮಗಳು ಸೂಜಿ ಹಿಡಿಯಲಿಲ್ಲ, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಆದರೆ ತಿರುವಿ ನೋಡುವ ಚಾಳಿ ರಕ್ತದಲ್ಲೇ ಬಂದಿತ್ತು.

ಅವಳ ಕಚೇರಿ ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ ವಾಸನೆ, ಹತ್ತಿದ ಮೇಲೆ ಬಿಸಿಯಾದ ಪ್ಲಾಸ್ಟಿಕ್ ವಾಸನೆ. ಒಂದೇ ಉದ್ದನೆಯ ಕೋಣೆ, ಗೋಡೆಗೆ ಆನಿಸಿದ ಮೇಜುಗಳು. ಅಲ್ಲಿ ತಯಾರಾಗುತ್ತಿದ್ದುದು ಆಸ್ಪತ್ರೆಯ ಹಾಸಿಗೆ ಪಕ್ಕ ನಿಲ್ಲಿಸುತ್ತಾರಲ್ಲ, ನಳಿಗೆಯಲ್ಲಿ ಮೆಲ್ಲಗೆ ಔಷಧಿ ಹರಿಸುವ ಪಂಪು, ಅದರೊಳಗಿನ ಪ್ರೋಗ್ರಾಂ. ನರ್ಸು ಗಂಟೆಗೆ ಇಷ್ಟು ಎಂದು ಅಂಕಿ ಒತ್ತುತ್ತಾಳೆ. ಆ ಅಂಕಿ ಮಿತಿಯೊಳಗಿದ್ದರೆ ಪಂಪು ಓಡುತ್ತದೆ, ಮಿತಿ ದಾಟಿದರೆ ಓಡದೆ ಕೂಗುತ್ತದೆ. ಕೂಗುವುದಕ್ಕೇ ಆಸ್ಪತ್ರೆಯವರು ಅದಕ್ಕೆ ಅಷ್ಟು ದುಡ್ಡು ಸುರಿಯುವುದು. ಇಲ್ಲದಿದ್ದರೆ ಹರಿಸುವ ಕೆಲಸಕ್ಕೆ ಒಂದು ಸೀಸೆ, ಒಂದು ಮೊಳೆ ಸಾಕಾಗಿತ್ತು.

ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ. ಪ್ರೋಗ್ರಾಂ ಬರೆಯಲು ಇವರು ಬಳಸುತ್ತಿದ್ದುದು ಫಂಕ್ಷನಲ್ ಎನ್ನುವ ಜಾತಿಯ ಭಾಷೆ, ಅದರ ಕಂಪೈಲರ್ ಅಂದರೆ ಮಡಿವಂತ ಮುದುಕಿ ಇದ್ದ ಹಾಗೆ, ಒಂದು ಕೂದಲು ಆಚೀಚೆಯಾದರೂ ಒಳಗೆ ಬಿಟ್ಟುಕೊಳ್ಳದು. ಕೆಂಪು ಸಾಲು ಬಂತೋ, ಕೆಲಸ ಅಲ್ಲಿಗೇ ನಿಂತಿತು. ಹಳದಿ ಸಾಲು ಬಂದರೆ ಕೆಲಸ ನಿಲ್ಲುವುದಿಲ್ಲ. 'ನೀನು ಹೇಳಿದ್ದನ್ನು ಮಾಡಿದ್ದೇನೆ, ಆದರೂ ಇಲ್ಲಿ ನನಗೊಂದು ಅನುಮಾನ ಇದೆ, ಒಮ್ಮೆ ಕಣ್ಣಾಡಿಸು' ಎಂದು ಅದರ ಅರ್ಥ. ಉಳಿದವರು ಕೆಂಪಿಗೆ ಮಾತ್ರ ಹೆದರುತ್ತಿದ್ದರು. ಇವಳು ಹಳದಿಯನ್ನೂ ಸಾಲು ಸಾಲಾಗಿ ಓದಿ, ಬರೆದವರ ಮೇಜಿಗೆ ಹೋಗಿ ನಿಲ್ಲುತ್ತಿದ್ದಳು. ಹೆಸರು ಬಂದದ್ದು ಹಾಗೆ. "ಬಂದ್ಲು ನೋಡ್ರೋ ಹಳದಿಯಕ್ಕ, ಕಾಮಾಲೆ ಬಂದವರಿಗೆ ಕಂಡಿದ್ದೆಲ್ಲಾ ಹಳದಿ" ಎಂದು ಕೋಣೆ ನಗುತ್ತಿತ್ತು. ಅವಳೂ ನಗುತ್ತಿದ್ದಳು. ನಕ್ಕು, ಆ ಸಾಲು ಸರಿಮಾಡಿಸಿಕೊಂಡೇ ಹಿಂದಿರುಗುತ್ತಿದ್ದಳು.

ಮಕ್ಕಳ ವಾರ್ಡಿನ ಪಂಪಿನ ಭಾಗ ಬರೆದವಳು ಇವಳೇ. ದೊಡ್ಡವರ ಪ್ರಮಾಣವನ್ನು ಮಕ್ಕಳಿಗೆ, ಮಕ್ಕಳದನ್ನು ದೊಡ್ಡವರಿಗೆ ಯಾರೂ ಅಪ್ಪಿತಪ್ಪಿ ಬೆರೆಸಬಾರದೆಂದು ಮಕ್ಕಳ ಪ್ರಮಾಣಕ್ಕೆ ಬೇರೆಯೇ ಒಂದು ಹೊದಿಕೆ ಹೊಲಿದಳು. ಒಳಗಿರುವುದು ದೊಡ್ಡವರಿಗೂ ಬಳಸುವ ಅದೇ ತೂಕಕ್ಕೆ ತಕ್ಕ ಪ್ರಮಾಣ, ಮೇಲಿನ ಹೊದಿಕೆ ಬೇರೆ. ಬೆರೆಸಲು ಹೋದರೆ ಕಂಪೈಲರೇ ಕೆಂಪು ಕಾರುತ್ತದೆ. ಒಳ್ಳೆಯ ಉಪಾಯ.

ಈಗ ಆ ಭಾಷೆಯಲ್ಲಿ ಟೈಪ್ ಕ್ಲಾಸ್ ಎಂದೊಂದಿದೆ. ಕೆಲವು ಪ್ರಶ್ನೆಗಳ ಕಟ್ಟು ಎಂದುಕೊಂಡರೆ ಸಾಕು. 'ನಿನ್ನ ಮಿತಿ ಎಷ್ಟು? ದಾಟಿದರೆ ಏನು ಮಾಡಲಿ?' ಪಂಪಿನಲ್ಲಿ ಹರಿಯುವ ಪ್ರತಿಯೊಂದು ಬಗೆಯ ಪ್ರಮಾಣವೂ ಇದಕ್ಕೆ ಉತ್ತರ ಕೊಡಲೇಬೇಕು. ಉತ್ತರವನ್ನು ಕೈಯಾರೆ ಬರೆಯಬಹುದು. ಇಲ್ಲವೇ 'ಡಿರೈವ್' ಎಂದು ಒಂದೇ ಪದ ಹಾಕಿ, ಉತ್ತರವನ್ನು ನೀನೇ ಹೊಲಿದುಕೊ ಎಂದು ಕಂಪೈಲರಿಗೆ ಬಿಡಬಹುದು. ಹಳದಿಯಕ್ಕ ಆ ಒಂದು ಪದ ಹಾಕಿದಳು. ಎಲ್ಲರೂ ಹಾಕುವುದೇ. ಹೊದಿಕೆಯೊಳಗಿನ ವಸ್ತುವಿಗೆ ಯಾವ ಮಿತಿಯೋ ಹೊದಿಕೆಗೂ ಅದೇ ಮಿತಿ ಎಂದು ಕಂಪೈಲರ್ ಹೊಲಿದುಕೊಟ್ಟಿತು. ಅಂದು ತಿರುವಿಯೂ ನೋಡಿದ್ದಳು, ಹೊಲಿಗೆ ಗಟ್ಟಿಯಾಗಿತ್ತು.

ಆಮೇಲೆ ಒಂದು ದಿನ ಪಂಪು ಕೊಳ್ಳುವವರು ಕಚೇರಿ ನೋಡಲು ಬಂದರು. ಕಾಫಿ ಕುಡಿಯುತ್ತ ಅವರಲ್ಲೊಬ್ಬ ಪರದೆಯತ್ತ ಕೈ ತೋರಿಸಿ, "ಇದೇನ್ರೀ ಹಳದಿ ಹಳದಿ? ಕೆಟ್ಟಿದೆಯಾ?" ಎಂದ. ಕೋಣೆಯ ಮೇಲ್ವಿಚಾರಣೆ ನೋಡುವವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಆ ಮೇಸ್ತ್ರಿಯ ಮುಖ ಹುಳ್ಳಗಾಯಿತು. ಬಂದವರು ಮೆಟ್ಟಿಲಿಳಿದ ಮರುಗಳಿಗೆಯೇ ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಒಂದು ಪದವನ್ನು ಕಂಪೈಲರಿಗೆ ಕೊಟ್ಟುಬಿಟ್ಟ. ಪರದೆ ತೊಳೆದಿಟ್ಟ ತಟ್ಟೆಯ ಹಾಗಾಯಿತು.

"ಏನಪ್ಪಾ ಮೇಸ್ತ್ರಿ ಇದು?" ಎಂದಳು ಹಳದಿಯಕ್ಕ.

"ಅಕ್ಕಾ, ಹಳದಿ ಅಂದ್ರೆ ತಪ್ಪಲ್ಲ, ಬರೀ ಗೊಣಗಾಟ. ಅತ್ತೆ ಗೊಣಗಿದ್ರೆ ಸೊಸೆ ಕಿವಿಗೆ ಹತ್ತಿ ಇಟ್ಕೊಳ್ಳಲ್ವಾ?"

"ಗೊಣಗೋ ಅತ್ತೆ ಇರೋ ಮನೆಗೆ ಕಳ್ಳ ಬರಲ್ಲ, ತಿಳ್ಕೋ."

"ಆಯ್ತು ಅಕ್ಕಾ, ಅವರು ಕೊಂಡ್ಕೊಳ್ಳೋವರೆಗೆ ಇರ್ಲಿ. ಆಮೇಲೆ ನಿಮ್ಮ ಅತ್ತೆನ ನಾನೇ ಕರ್ಕೊಂಡು ಬರ್ತೀನಿ."

ಅವರು ಕೊಂಡರು. ಅತ್ತೆ ಬರಲಿಲ್ಲ. ಹಳದಿಯಕ್ಕ ನೆನಪು ಮಾಡಿದಳು, ಮತ್ತೆ ಮಾಡಿದಳು. ಆಮೇಲೆ ಅವಳಿಗೂ ಚೊಕ್ಕಟ ಪರದೆ ಒಗ್ಗಿಹೋಯಿತು. ಸುಳ್ಳೇಕೆ ಹೇಳಬೇಕು, ಒಗ್ಗಿಹೋಯಿತು.

ಹಾಗಿರುವಾಗ ಕೋಣೆಯವರೆಲ್ಲ ಸೇರಿ, ಕೆಲಸ ಸಲೀಸಾಗಲಿ ಎಂದು ಡಿರೈವ್ ಮಾಡುವ ಇನ್ನೊಂದು ದಾರಿಯನ್ನೂ ಎಲ್ಲ ಕಡೆಗೂ ತೆರೆದರು. ಬೇಡ ಎಂದು ಯಾರೂ ಅನ್ನಲಿಲ್ಲ, ಹಳದಿಯಕ್ಕನೂ ಅನ್ನಲಿಲ್ಲ. ಈ ಎರಡನೆಯ ದಾರಿ ಒಳಗಿನ ವಸ್ತುವನ್ನು ಕೇಳುವುದೇ ಇಲ್ಲ, ಟೈಪ್ ಕ್ಲಾಸಿನಲ್ಲಿ ಮೊದಲೇ ಬರೆದಿಟ್ಟ ಮಾಮೂಲಿ ಉತ್ತರವನ್ನು ಎತ್ತಿಕೊಡುತ್ತದೆ. ಪಂಪಿನ ಮಾಮೂಲಿ ಉತ್ತರ ಏನೆಂದರೆ 'ಮಿತಿಯಿಲ್ಲ'. ಬರೀ ಉಪ್ಪುನೀರು ಹರಿಸುವಾಗ ಸುಮ್ಮಸುಮ್ಮನೆ ಕೂಗದಿರಲಿ ಎಂದು ಹಾಗೆ ಇಟ್ಟಿದ್ದರು. ಡಬ್ಬಿಯ ಮೇಲೆ 'ವಿಷ, ಹನಿಯಷ್ಟೇ' ಎಂದು ಬರೆದಿದೆ, ಡಬ್ಬಿಯನ್ನು ಒಂದು ಚೀಲದಲ್ಲಿ ಹಾಕಿದ್ದೀರಿ, ಚೀಲಕ್ಕೆ ಖಾಲಿ ಚೀಟಿಯೊಂದು ತೂಗಾಡುತ್ತಿದೆ. ಯಾವುದನ್ನು ನಂಬಬೇಕು? ದಾರಿ ಎರಡೂ ತೆರೆದಿದ್ದಾಗ ಈ ಕಂಪೈಲರ್ ನಂಬುವುದು ಖಾಲಿ ಚೀಟಿಯನ್ನು! ಅದರ ಕಟ್ಟಳೆ ಹಾಗೆ. ಆದರೆ ಪುಣ್ಯಕ್ಕೆ ಅದು ಕಳ್ಳತನದಿಂದ ನಂಬುವುದಿಲ್ಲ. 'ಎರಡೂ ದಾರಿ ಇವೆ, ನಾನು ಮಾಮೂಲಿಯದನ್ನು ಹಿಡಿಯುತ್ತಿದ್ದೇನೆ, ಯಾವುದು ಬೇಕೆಂದು ಹೇಳಬಾರದೇ' ಎಂದು ಹಳದಿ ಸಾಲಿನಲ್ಲಿ ಕೂಗಿಯೇ ಕೂಗುತ್ತದೆ.

ಕೂಗಿತು. ಯಾರ ಕಿವಿಗೆ? ಎಲ್ಲರೂ ಹತ್ತಿ ಇಟ್ಟುಕೊಂಡಾಗಿತ್ತು. ಹಳದಿಯಕ್ಕನ ಸಾಲಿನಲ್ಲಿ ಒಂದು ಚುಕ್ಕೆಯೂ ಬದಲಾಗಲಿಲ್ಲ, ಅದು ಮಾಡುವ ಕೆಲಸ ಮಾತ್ರ ತಲೆಕೆಳಗಾಯಿತು.

ಹಳದಿಯಕ್ಕನ ಗಂಡನ ತಂಗಿ ಮಕ್ಕಳ ವಾರ್ಡಿನಲ್ಲಿ ನರ್ಸು. ಮನೆ ಪಕ್ಕದ ಬೀದಿಯಲ್ಲೇ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಎನ್ನುತ್ತಾರೆ. ಇವರಿಬ್ಬರದು ಉಗುರು ಬೆರಳಿನ ನಂಟು, ಒಬ್ಬಳು ಇನ್ನೊಬ್ಬಳನ್ನು ಚುಚ್ಚುತ್ತಲೂ ಇರಬೇಕು, ಬಿಟ್ಟಿರಲೂ ಆಗದು. ನಾದಿನಿ ಒಂದು ಮಧ್ಯಾಹ್ನ ಸಮವಸ್ತ್ರದಲ್ಲೇ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ಚುಚ್ಚುಮಾತು ಆಡಲಿಲ್ಲ. ಅದನ್ನು ಕಂಡೇ ಹಳದಿಯಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನನ್ನ ಕೆಲಸದಿಂದ ನಿಲ್ಸಿದಾರೆ ಅತ್ತಿಗೆ."

"ಏನಾಯ್ತೇ?"

ಆದದ್ದು ಇಷ್ಟು. ಹೊಟ್ಟೆ ಕೊಯ್ದು ಹೊಲಿದ ಪುಟ್ಟ ಹುಡುಗಿಯೊಬ್ಬಳಿಗೆ ನೋವಿನ ಔಷಧಿ ಹರಿಸಬೇಕಿತ್ತು. ನಾದಿನಿ ಅಂಕಿ ಒತ್ತುವಾಗ ಪಕ್ಕದ ಹಾಸಿಗೆಯ ಮಗು ಚೀರಿತು, ಇವಳ ಬೆರಳು ಸೊನ್ನೆಯ ಮೇಲೆ ಇನ್ನೊಮ್ಮೆ ಬಿತ್ತು. ಪಂಪು ಓಡಿತು. ಆ ಮಗುವನ್ನು ಸಮಾಧಾನ ಮಾಡಿ ತಿರುಗಿದವಳು ಹುಡುಗಿಯ ತುಟಿ ನೀಲಿಗಟ್ಟಿದ್ದು ನೋಡಿ, ನಳಿಗೆ ಕಿತ್ತು, ಡಾಕ್ಟರನ್ನು ಕೂಗಿದಳು. ಹುಡುಗಿ ಉಳಿದಳು. ಗುಣವಾಗಿ, ಅಪ್ಪನ ಹೆಗಲ ಮೇಲೆ ಕುಳಿತು ಮನೆಗೂ ಹೋದಳು. ಇಲ್ಲಿ ಉಳಿದದ್ದು ಇವಳ ಗೋಳು.

"ಬೆರಳು ಜಾರಿತು, ಒಪ್ಕೊಂಡೆ. ಯಾರಿಗೆ ಜಾರಲ್ಲ? ಆದರೆ ಮಿಷಿನ್ ಕೂಗಬೇಕಿತ್ತು ಅತ್ತಿಗೆ. ಕೂಗಲೇ ಇಲ್ಲ. ಕಂಪನಿಯವರು ಹೇಳ್ತಾರಂತೆ, ಮಿಷಿನ್ ಕೂಗದೇ ಇರಲ್ಲ, ನೀನೇ ಮೊದಲು ಕೂಗೋ ಗಂಟೆ ಬಂದ್ ಮಾಡಿರಬೇಕು ಅಂತ. ಸದ್ದು ತಡೆಯೋಕಾಗದೆ ಕೆಲವರು ಬಂದ್ ಮಾಡ್ತಾರೆ, ನಿಜ. ನಾನು ಮಾಡಿಲ್ಲ. ನಮ್ಮ ಅಣ್ಣನ ಆಣೆ ಬೇಕಾ, ನನ್ನ ಮಕ್ಕಳ ಆಣೆ ಬೇಕಾ?"

"ಆಣೆ ಯಾಕೆ ಹಾಕ್ತೀಯ, ನನಗೆ ನಿನ್ನ ಬಾಯಿ ಗೊತ್ತಿಲ್ವಾ. ಬಂದ್ ಮಾಡಿದ್ರೆ ಮಾಡ್ದೆ ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳೋಳು ನೀನು."

ನಾದಿನಿ ಅಳುತ್ತಲೇ ನಕ್ಕಳು. ಆಮೇಲೆ ಮೆಲ್ಲಗೆ, "ಗಂಟೆ ಬಂದ್ ಮಾಡಿದ್ದು ಅಂತ ತೀರ್ಮಾನ ಆದ್ರೆ ಇನ್ಮೇಲೆ ಯಾವ ಆಸ್ಪತ್ರೆಲೂ ನನ್ನ ಸೇರಿಸ್ಕೊಳ್ಳಲ್ಲ. ಆ ಕಂಪನಿ ನಿಮ್ಮದೇ ಅಲ್ವಾ ಅತ್ತಿಗೆ?" ಎಂದಳು.

ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಇಬ್ಬರೂ ಏಳಲಿಲ್ಲ.

ಮರುದಿನ ರಜೆ. ಹಳದಿಯಕ್ಕ ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದಳು. ಗಂಡ ತಟ್ಟೆ ಹಿಡಿದು ಜಾಗಕ್ಕಾಗಿ ಕಾದು, ಕೊನೆಗೆ ಕಿಟಕಿ ಹಲಗೆಯ ಮೇಲಿಟ್ಟುಕೊಂಡು ಉಂಡ. ಅವಳು ತನ್ನ ಸಾಲು ಓದಿದಳು. ಸರಿಯಾಗಿತ್ತು. ಮತ್ತೆ ಓದಿದಳು. ಎಷ್ಟು ಓದಿದರೂ ಸರಿಯಾಗಿಯೇ ಇತ್ತು. ಆಗ ಅಮ್ಮನ ಬೆರಳು ನೆನಪಾಯಿತು. ಅಂಗಿಯ ಮೇಲ್ಮೈ ನೋಡುತ್ತಾ ಕೂತಿದ್ದೇನಲ್ಲ! ಡಿರೈವ್ ಎಂದ ಕಡೆ ನೀನು ಒಳಗೆ ಏನು ಹೊಲಿದೆಯೋ ಅದನ್ನು ಬಿಚ್ಚಿ ತೋರಿಸು ಎಂದು ಕಂಪೈಲರನ್ನು ಕೇಳುವ ವಿಧಾನ ಇದೆ. ಕೇಳಿದಳು.

ಮಕ್ಕಳ ಪ್ರಮಾಣದ ತಲೆಬರಹ ಬಂತು. ಅದರ ಕೆಳಗೆ ಏನೂ ಇರಲಿಲ್ಲ. ತೋಳಿದೆ, ಕತ್ತಿನ ಪಟ್ಟಿ ಇದೆ, ಒಳಮಗ್ಗುಲಲ್ಲಿ ಒಂದು ಎಳೆ ನೂಲಿಲ್ಲ. ಉತ್ತರ ಬರೆಯದೆ ಬಿಟ್ಟರೆ ಮಾಮೂಲಿ ಉತ್ತರ. ಮಾಮೂಲಿ ಉತ್ತರ ಅಂದರೆ 'ಮಿತಿಯಿಲ್ಲ'.

ಬಾಯಿ ಮುಚ್ಚಿಸಿದ್ದ ಆ ಪದವನ್ನು ತೆಗೆದು ಕಂಪೈಲರನ್ನು ಮತ್ತೆ ಓಡಿಸಿದಳು. ಕಟ್ಟೆಯೊಡೆದ ಕೆರೆಯ ಹಾಗೆ ಹಳದಿ ಸುರಿಯಿತು. ಅದರ ನಡುವೆ, ಅವಳದೇ ಸಾಲನ್ನು ಬೊಟ್ಟು ಮಾಡಿ, ಪಾಪ, ಕಂಪೈಲರ್ ಹೇಳುತ್ತಲೇ ಇತ್ತು. ಪ್ರತಿ ಸಲವೂ ಹೇಳಿತ್ತು. ಗಂಟೆ ಬಂದ್ ಮಾಡಿದ್ದು ವಾರ್ಡಿನಲ್ಲಲ್ಲ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಅದನ್ನು ಯಾರ ತಲೆಗೆ ಕಟ್ಟಿದ್ದಾರೆ ನೋಡಿ!

ಸೋಮವಾರ ಮೇಸ್ತ್ರಿಗೆ ತೋರಿಸಿದಳು. ಅವನು ನೋಡಿದ, ಬಾಗಿಲು ಹಾಕಿ ಬಂದ.

"ಇದು ನಿಮ್ಮ ಸಾಲು ಅಕ್ಕಾ. ನಿಮ್ಮ ಹೆಸರೇ ಇದೆ ಅದರ ಮೇಲೆ."

"ಇದೆ. ಇಲ್ಲ ಅಂದ್ನಾ?"

"ಮತ್ಯಾಕೆ ತಲೆ ಮೇಲೆ ಕಲ್ಲು ಎಳ್ಕೋತೀರಾ? ಮುಂದಿನ ಸಲ ಪ್ರೋಗ್ರಾಂ ಬದಲಾಯಿಸುವಾಗ ಸದ್ದಿಲ್ದೆ ಸರಿ ಮಾಡ್ಬಿಡೋಣ."

"ಅಲ್ಲೀವರೆಗೆ ಎಲ್ಲಾ ಮಕ್ಕಳ ವಾರ್ಡಲ್ಲೂ ಮೂಕ ಪಂಪು ಓಡ್ತಿರ್ಲಾ? ಇನ್ನೊಂದು ಬೆರಳು ಜಾರೋದಕ್ಕೆ ಕಾಯೋಣ್ವಾ?"

"ನೀವು ಬಾಯಿ ಬಿಟ್ರೂ ಯಾರು ನಂಬ್ತಾರೆ? ನಾದಿನೀನ ಉಳಿಸೋಕೆ ಅತ್ತಿಗೆ ಕತೆ ಕಟ್ಟಿದಾಳೆ ಅಂತಾರೆ."

ಆ ಮಾತು ಅವಳಿಗೆ ನಾಟಿತು. ಸುಳ್ಳೆಂದು ನಾಟಿದ್ದಲ್ಲ.

"ಅವಳು ನನ್ನ ನಾದಿನಿ ಅಲ್ದೇ ಹೋಗಿದ್ರೆ ನಾನು ತಿರುವಿ ನೋಡ್ತಾನೇ ಇರಲಿಲ್ಲ ಮೇಸ್ತ್ರಿ. ಯಾರೋ ನರ್ಸು, ಏನೋ ಮಾಡ್ಕೊಂಡಿದಾಳೆ ಅಂತ ಕಾಫಿ ಕುಡೀತಿದ್ದೆ. ನನಗೆ ನಾಚಿಕೆ ಆಗ್ತಿರೋದು ಅದಕ್ಕೆ. ನಿನಗೆ ಯಾವುದಕ್ಕೂ ಆಗ್ತಿಲ್ವಲ್ಲ, ಅದು ಆಶ್ಚರ್ಯ."

ವಿಚಾರಣೆ ನಡೆದದ್ದು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಮುರಿದ ಗಾಲಿಕುರ್ಚಿಗಳನ್ನು ಒಂದರೊಳಗೊಂದು ತೂರಿಸಿ ಇಟ್ಟಿದ್ದರು. ಮೇಜಿನ ಆಚೆ ದೊಡ್ಡ ಡಾಕ್ಟರಮ್ಮ, ಈಚೆ ನಾದಿನಿ. ಮೇಸ್ತ್ರಿ ಕೋಟು ಹಾಕಿಕೊಂಡು ಬಂದಿದ್ದ. ಅವನು ಎದ್ದು ನಿಂತು ಹೇಳಿದ ಮಾತು ಕೇಳಿ. "ನಮ್ಮ ಪ್ರೋಗ್ರಾಮಿನಲ್ಲಿ ದೋಷ ಇಲ್ಲ ಮೇಡಂ. ಕಂಪೈಲರ್ ಒಂದೇ ಒಂದು ಎಚ್ಚರಿಕೆ ಕೂಡ ತೋರಿಸಿಲ್ಲ."

ಒಂದೇ ಒಂದು ಎಚ್ಚರಿಕೆ ಕೂಡ ತೋರಿಸಿಲ್ಲವಂತೆ! ನಾಯಿಯ ಬಾಯಿಗೆ ಹಗ್ಗ ಬಿಗಿದು, ಕಳ್ಳ ಬಂದಿಲ್ಲ ಮೇಡಂ, ನಾಯಿ ಬೊಗಳಿಲ್ಲ ಎಂದ ಹಾಗೆ. ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ, ಒಂದಕ್ಷರ ನಿಜವೂ ಇಲ್ಲ.

ಬಾಗಿಲಲ್ಲಿ ಹಳದಿಯಕ್ಕ ನಿಂತಿದ್ದಳು, ಕಂಪ್ಯೂಟರನ್ನು ಕೈಕೂಸಿನ ಹಾಗೆ ಅವಚಿಕೊಂಡು. ಅವಳನ್ನು ಯಾರೂ ಕರೆದಿರಲಿಲ್ಲ.

"ನೀವ್ಯಾರಮ್ಮಾ?" ಎಂದರು ಡಾಕ್ಟರಮ್ಮ.

"ಮಕ್ಕಳ ಪಂಪಿನ ಭಾಗ ಬರೆದವಳು ಮೇಡಂ. ಇವಳ ಅತ್ತಿಗೆನೂ ಹೌದು. ಅದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾರೋ ಕಂಡುಹಿಡಿದ ಹಾಗೆ ಹೇಳೋದು ಬೇಡ. ನನ್ನ ಮಾತು ನಂಬಬೇಡಿ. ಕಣ್ಣಿಂದ ನೋಡಿ ಸಾಕು."

ಮೇಸ್ತ್ರಿ, "ಅಕ್ಕಾ, ಇದು ಅದಕ್ಕೆಲ್ಲ ಜಾಗ ಅಲ್ಲ" ಎಂದ. ಡಾಕ್ಟರಮ್ಮ ಅವನತ್ತ ತಿರುಗದೆ, "ಕೂತ್ಕೊಳ್ರೀ" ಎಂದರು. ಅವನು ಕುಳಿತದ್ದು ಮುರಿದ ಗಾಲಿಕುರ್ಚಿಯ ಮೇಲೆ. ಅದು ಅವನನ್ನು ಹೊತ್ತುಕೊಂಡು ಹಿಂದಕ್ಕೆ ಸರಿಯಿತು.

ಹಳದಿಯಕ್ಕ ಕಂಪೈಲರನ್ನು ಮೊದಲು ಬಾಯಿ ಕಟ್ಟಿ ಓಡಿಸಿದಳು, ಪರದೆ ಚೊಕ್ಕಟ. ಬಾಯಿ ಬಿಚ್ಚಿ ಓಡಿಸಿದಳು, ಹಳದಿ. ತನ್ನ ಸಾಲಿನ ಮೇಲೆ ಬೆರಳಿಟ್ಟು, ಅದು ಕೇಳುತ್ತಿರುವ ಪ್ರಶ್ನೆಯನ್ನು ಓದಿ ಹೇಳಿದಳು. ಆಮೇಲೆ ಮೂಲೆಯಲ್ಲಿ ಖಾಲಿ ನಿಂತಿದ್ದ ಪಂಪನ್ನು ನಾದಿನಿಯೇ ಎಳೆದು ತಂದಳು. ಗಂಟೆ ಬಂದಾಗಿಲ್ಲ ಎಂದು ಡಾಕ್ಟರಮ್ಮನಿಗೆ ತೋರಿಸಿ, ದೊಡ್ಡವರ ಪ್ರಮಾಣದಲ್ಲಿ ಸೊನ್ನೆ ಹೆಚ್ಚು ಒತ್ತಿದಳು. ಪಂಪು ಕಿರುಚಿತು. ಮಕ್ಕಳ ಪ್ರಮಾಣಕ್ಕೆ ಬದಲಿಸಿ ಅದೇ ಸೊನ್ನೆ ಒತ್ತಿದಳು. ಪಂಪು ಸದ್ದಿಲ್ಲದೆ ಗಾಳಿಯನ್ನು ಹರಿಸತೊಡಗಿತು.

ಡಾಕ್ಟರಮ್ಮ ತಾವೇ ಎದ್ದು ಬಂದು ಪಂಪನ್ನು ನಿಲ್ಲಿಸಿದರು. "ಎಚ್ಚರಿಕೆ ಮುಚ್ಚಿಸಿದ್ದು ಯಾಕ್ರೀ?" ಎಂದು ಮೇಸ್ತ್ರಿಯನ್ನು ಕೇಳಿದರು.

"ನೋಡೋಕೆ ಚೆನ್ನಾಗಿರಲಿ ಅಂತ ಮೇಡಂ..."

"ಇವಳ ಕೆಲಸ ತೆಗೆಯೋಕೆ ಹೊರಟಿದ್ದು ಅದೇ ತಪ್ಪಿಗಲ್ವಾ?"

ಅವನಿಗೆ ಕೆಮ್ಮು ಬಂತು.

ನಾದಿನಿಯ ಮೇಲಿನ ದೂರು ಬಿತ್ತು. ಹೆಚ್ಚಿನ ಸೊನ್ನೆಗೆ ಬೈಗುಳ ತಿಂದಳು, ತಲೆಬಾಗಿ ತಿಂದಳು, ಅದು ಅವಳದ್ದೇ. ಎಲ್ಲ ಮಕ್ಕಳ ವಾರ್ಡುಗಳಿಗೂ ಅಂದೇ ಸುದ್ದಿ ಹೋಗಬೇಕೆಂದು ಡಾಕ್ಟರಮ್ಮ ಕಂಪನಿಯವರನ್ನು ಎದುರಿಗೆ ಕೂರಿಸಿಕೊಂಡು ತಾಕೀತು ಮಾಡಿದರು. ಹಳದಿಯಕ್ಕ ತನ್ನ ಸಾಲಿಗೆ 'ಒಳಗಿನದರ ದಾರಿಯೇ' ಎಂದು ಖಚಿತ ಮಾಡುವ ಒಂದು ಪದ ಸೇರಿಸಿದಳು. ಅಷ್ಟೇ ದುರಸ್ತಿ. ಒಂದು ಪದ. ಆ ಒಂದು ಪದವನ್ನೇ ಕಂಪೈಲರ್ ಬೇಡುತ್ತಾ ಇದ್ದದ್ದು.

ಇಲ್ಲಿಗೆ ನ್ಯಾಯವಾಯಿತು ಎಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಕಂಪನಿ ಹೊರಡಿಸಿದ ಸುದ್ದಿಯಲ್ಲಿ ಇದ್ದದ್ದು 'ಬರೆದ ಸಿಬ್ಬಂದಿಯೊಬ್ಬರ ಅಜಾಗರೂಕತೆ' ಎಂದು. ಹಳದಿಯಕ್ಕ ಮೇಜು ಗುದ್ದಿದಳು. "ನನ್ನ ಹೆಸರು ಬೇಕಾದ್ರೆ ದಪ್ಪಕ್ಷರದಲ್ಲೇ ಹಾಕಿ, ಬೇಡ ಅನ್ನಲ್ಲ. ಬಾಯಿ ಮುಚ್ಚಿಸಿದವನ ಹೆಸರೂ ಪಕ್ಕದಲ್ಲಿ ಇರಲಿ. ದಾರಿ ತೆರೆದಾಗ ಸುಮ್ಮನಿದ್ದ ಕೋಣೆಯವರೆಲ್ಲರ ಹೆಸರೂ ಇರಲಿ" ಎಂದಳು. ಹಾಕಲಿಲ್ಲ. ಮೇಸ್ತ್ರಿಗೆ ಕೋಟು ಉಳಿಯಿತು, ಕುರ್ಚಿಯೂ ಉಳಿಯಿತು. ಇವಳನ್ನು ಪಂಪಿನ ಕೆಲಸದಿಂದ ತೆಗೆದು, ದೂರುಗಳ ಫೋನು ಎತ್ತುವ ಮೇಜಿಗೆ ಕೂರಿಸಿದರು. ಬಿಟ್ಟುಹೋಗುತ್ತಾಳೆ ಎಂದುಕೊಂಡಿದ್ದರು. ಹೋಗಲಿಲ್ಲ. ಈಗಲೂ ಬೆಳಿಗ್ಗೆ ಬಂದ ಕೂಡಲೇ ಬ್ಯಾಗು ಇಳಿಸುವ ಮೊದಲು ಕೋಣೆಯ ಪರದೆಗಳನ್ನು ಒಂದು ಸುತ್ತು ನೋಡುತ್ತಾಳೆ. ಹಳದಿ ಕಂಡರೆ ನಿಲ್ಲುತ್ತಾಳೆ. ಹಳದಿ ಕಾಣದಿದ್ದರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಾಳೆ. ಕಾಮಾಲೆಯ ಮಾತು ಈಗ ಯಾರೂ ಎತ್ತುವುದಿಲ್ಲ.

ಸರಿಯಾದ ಪ್ರೋಗ್ರಾಂ ಪಂಪಿಗೆ ಬಂದ ದಿನ ನಾದಿನಿ ಹೇಳಿಕಳಿಸಿದಳು. ವಾರ್ಡಿನ ಪಕ್ಕದ ಸಾಮಾನು ಕೋಣೆಯಲ್ಲಿ ಇಬ್ಬರೇ, ಮಡಚಿಟ್ಟ ಹೊದಿಕೆಗಳ ನಡುವೆ, ನಳಿಗೆ ಹಾಕದ ಪಂಪಿನ ಮುಂದೆ. ನಾದಿನಿ ಮಕ್ಕಳ ಪ್ರಮಾಣಕ್ಕೆ ಇಟ್ಟು, ಅತ್ತಿಗೆಯ ಮುಖ ನೋಡುತ್ತಲೇ ಸೊನ್ನೆಯ ಮೇಲೆ ಬೆರಳು ಒತ್ತಿದಳು, ಮತ್ತೆ ಒತ್ತಿದಳು.

ಪಂಪು ಅರಚಿತು. ಕಿವಿ ಸೀಳಿಹೋಗುವಂತೆ, ಕೆಟ್ಟದಾಗಿ, ಎಡೆಬಿಡದೆ.

ಹಳದಿಯಕ್ಕ ಅಭ್ಯಾಸಬಲದಿಂದ ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದಳು. ನಾದಿನಿ ಆ ಕೈ ಹಿಡಿದುಕೊಂಡಳು.

"ಇರ್ಲಿ ಬಿಡಿ ಅತ್ತಿಗೆ. ಒಂದ್ಸಲ ಹೊಟ್ಟೆ ತುಂಬ ಕೂಗಲಿ."

ಗೋಡೆಯಾಚೆಯಿಂದ ಯಾರೋ, "ಯಾರ್ರೀ ಅದು, ಆ ಮಿಷಿನ್ ಬಾಯಿ ಮುಚ್ಚಿಸ್ರೀ!" ಎಂದು ಗದರಿದರು.

"ಮುಚ್ಸಲ್ಲ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.